ಕೊರವ ಮೀನು ಬರೆದ ಕಯಾಕ್: ಮಂಡ್ಯ ಕಡೆಯ ಒಂದು ಪ್ರಕರಣ, ಪೂರ್ತಿ ವಿವರ

ಮೀನು ಹಿಡಿಯೋ ಒಂದು ಕಯಾಕ್, ಅಂದ್ರೆ ಹುಟ್ಟು ಹಾಕೋ ಸಣ್ಣ ಬೋಟಿನ ಮೇಲೆ ಕೈಲಿ ಚಿತ್ರ ಬರೆದ ಕಥೆ ಇದು, ಮಂಡ್ಯ ಜಿಲ್ಲೆಯ ಒಂದು ಊರಲ್ಲಿ ನಡೆದಿದ್ದು. ಊರಿನ ಹೆಸ್ರು, ಕೆರೆ ಹೆಸ್ರು, ಜನರ ಹೆಸ್ರು ಯಾವ್ದೂ ಹಾಕಿಲ್ಲ. ಸಂಬಂಧಪಟ್ಟೋರು ಒಪ್ಪಿದ ಮೇಲೇ ಬರೀತಿದೀನಿ, ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದೀನಿ, ಆದ್ರೆ ಯಾವ ಬಣ್ಣ ಹಚ್ಚಿದ್ರು, ಅದೇನಾಯ್ತು, ಯಾವಾಗ ಯಾಕೆ ಮನಸ್ಸು ಬದಲಾಯಿಸಿದ್ರು ಅನ್ನೋದೆಲ್ಲ ಇದ್ದಂಗೇ ಇದೆ. ಬೋಟಿನ ಯಜಮಾನ್ರನ್ನ ಇಲ್ಲಿ ಮಾವ ಅಂತ್ಲೇ ಕರೀತೀನಿ, ಯಾಕಂದ್ರೆ ಚಿತ್ರ ಬರೆದೋಳು ಅವರ ಅಕ್ಕನ ಮಗಳು, ಮೈಸೂರಲ್ಲಿ ಚಿತ್ರಕಲೆ ಓದ್ತಿರೋ ಹುಡುಗಿ. ನಾನು ಅವಳಿಗೆ ಹಿಂದೆ ಡ್ರಾಯಿಂಗ್ ಹೇಳಿಕೊಟ್ಟೋನು, ಈ ಕೆಲಸದ ಉದ್ದಕ್ಕೂ ಪಕ್ಕದಲ್ಲಿದ್ದೆ.

ಹಿನ್ನೆಲೆ

ಮಾವ ಕಬ್ಬು ಬೆಳೆಯೋ ರೈತರು, ಬಿಡುವಾದಾಗ ಮೀನು ಹಿಡಿಯೋ ಹುಚ್ಚು. ಮೊದ್ಲೆಲ್ಲ ಏರಿ ಮೇಲೆ ಕೂತು ಗಾಳ ಹಾಕೋರು. ಆಮೇಲೆ ಬೆಂಗಳೂರಲ್ಲಿ ಯಾರೋ ಮಾರ್ತಿದ್ದ ಸೆಕೆಂಡ್ ಹ್ಯಾಂಡ್ ಫಿಶಿಂಗ್ ಕಯಾಕ್ ತಂದ್ರು, ಸುಮಾರು 10 ಅಡಿ ಉದ್ದದ್ದು, ಮೇಲೆ ಕೂತ್ಕೊಂಡು ಹುಟ್ಟು ಹಾಕೋ ಥರದ್ದು, ತಿಳಿ ಹಳದಿ ಬಣ್ಣ, ಗಾಳದ ಕಡ್ಡಿ ಸಿಕ್ಕಿಸೋಕೆ ಹಿಂದೆ ಎರಡು ತೂತು. ನಮ್ಮ ಕಡೆ ಎಲ್ಲಾ ನೀರಲ್ಲೂ ಬೋಟ್ ಇಳಿಸಂಗಿಲ್ಲ. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಕೆಆರ್‌ಎಸ್ ಡ್ಯಾಮ್ ಹತ್ರ ಹೋಗೋ ಮಾತೇ ಇಲ್ಲ. ಕೆರೆಗಳಲ್ಲಿ ಮೀನು ಹಕ್ಕು ಗುತ್ತಿಗೆ ಹಿಡಿದೋರು ಇರ್ತಾರೆ. ಮಾವ ತಮ್ಮೂರ ಕೆರೆ ಗುತ್ತಿಗೆದಾರರನ್ನ ಕೇಳಿ, ಒಪ್ಪಿಗೆ ತಗೊಂಡು, ಲೈಫ್ ಜಾಕೆಟ್ ಹಾಕ್ಕೊಂಡೇ ಇಳಿಯೋರು.

ಬೋಟು ಮನೆಗೆ ಬಂದ ಮೇಲೆ ಅವರಿಗೊಂದು ಆಸೆ ಹುಟ್ಟಿತು. ನಮ್ಮೂರ ಟ್ರ್ಯಾಕ್ಟರ್ ಟ್ರೈಲರ್‌ಗೇ ಹೂವು ಬಳ್ಳಿ, ಹುಲಿ, ಅಣ್ಣತಮ್ಮಂದ್ರ ಹೆಸ್ರು ಎಲ್ಲಾ ಬರೆಸ್ತೀವಲ್ಲ, ಇದ್ಯಾಕೆ ಬೋಳು ಬೋಳಾಗಿರ್ಬೇಕು ಅಂತ. ಸೊಸೆನ ಕರೆದು "ನೀನೇ ಏನಾದ್ರೂ ಬರೀ ಕಣವ್ವ, ಕೈಲೇ ಬರೀಬೇಕು, ಅಂಗಡಿ ಸ್ಟಿಕ್ಕರ್ ಬ್ಯಾಡ" ಅಂದ್ರು. ಕೈಲೇ ಬರೀಬೇಕು ಅನ್ನೋ ಈ ಒಂದು ಷರತ್ತು ಕೊನೇವರ್ಗೂ ಬದಲಾಗ್ಲಿಲ್ಲ. ಉಳಿದಿದ್ದೆಲ್ಲ ಬದಲಾಯ್ತು.

ಮೊದಲ ಸಲ ಬಣ್ಣ ಎದ್ದಿದ್ದು

ಅವಳು ಬರೋಕೆ ಮುಂಚೇನೇ ಮಾವ ತಡೀಲಾರ್ದೆ ಊರಲ್ಲಿ ಬೋರ್ಡ್ ಬರೆಯೋರೊಬ್ರನ್ನ ಕರೆಸಿ ಒಂದು ಬದೀಲಿ ದೊಡ್ಡ ಮಾರ್ಲಿನ್ ಮೀನು ಬರೆಸಿದ್ರು, ಫೋನಲ್ಲಿ ನೋಡಿದ್ದು, ನೀಲಿ ಬೆಳ್ಳಿ ಬಣ್ಣ ತುಂಬಿಸಿ, ಎನಾಮೆಲ್ ಪೇಂಟಲ್ಲಿ. ಆ ಬೋರ್ಡ್ ಬರೆಯೋರ ಕೈ ತುಂಬಾ ಚೆನ್ನಾಗಿದೆ, ತಗಡಿನ ಮೇಲೆ ಅವರ ಗೆರೆ ಹತ್ತು ವರ್ಷ ಹಂಗೇ ಇರುತ್ತೆ. ಅವರು ಶುರುವಲ್ಲೇ ಹೇಳಿದ್ರಂತೆ, "ಅಣ್ಣ, ಪ್ಲಾಸ್ಟಿಕ್ ಮೇಲೆ ಹಿಡಿಯೋದು ಡೌಟು" ಅಂತ. ನೋಡೋಕೆ ಭರ್ಜರಿಯಾಗಿತ್ತು. ಕೆರೆಗೆ ಇಳಿಸಿ ವಾಪಸ್ ತಂದು ಬಿಸಿಲಲ್ಲಿ ಇಟ್ಟ ಮೇಲೆ ಮೀನಿನ ಬಾಲದ ಹತ್ರ ಸಣ್ಣ ಬಿರುಕು, ಅಲ್ಲಿ ಉಗುರು ಹಾಕಿ ಎಳೆದ್ರೆ ಹಾಲಿನ ಕೆನೆ ಥರ ಅರ್ಧ ಮಾರ್ಲಿನ್ ಹಂಗೇ ಪದರವಾಗಿ ಎದ್ದು ಬಂತು.

ಯಾಕೆ ಅನ್ನೋದು ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಮುಂದಿನ ತೀರ್ಮಾನ ಎಲ್ಲ ನಿಂತಿರೋದೇ ಇದ್ರ ಮೇಲೆ. ಇಂಥ ಕಯಾಕ್‌ಗಳು ಹೆಚ್ಚಾಗಿ ಪಾಲಿಎಥಿಲೀನ್ ಪ್ಲಾಸ್ಟಿಕ್ಕಲ್ಲಿ, ಅಚ್ಚು ತಿರುಗಿಸಿ ತಿರುಗಿಸಿ ಬಿಸಿ ಮಾಡಿ ಎರಕ ಹೊಯ್ಯೋ ವಿಧಾನದಲ್ಲಿ ಆಗಿರ್ತವೆ, ನಮ್ಮ ಮನೆ ಮೇಲಿರೋ ಕಪ್ಪು ನೀರಿನ ಟ್ಯಾಂಕ್ ಮಾಡೋದೂ ಹಿಂಗೇ. ಈ ಪ್ಲಾಸ್ಟಿಕ್ಕಿನ ಸರ್ಫೇಸ್ ಎನರ್ಜಿ, ಅಂದ್ರೆ ಬೇರೆ ವಸ್ತುನ ತನ್ನ ಮೈಗೆ ಎಳ್ಕೊಳ್ಳೋ ಶಕ್ತಿ, ತುಂಬಾ ಕಮ್ಮಿ, ಮೀಟರಿಗೆ ಸುಮಾರು 31 ಮಿಲಿನ್ಯೂಟನ್. ನೀರಿನ ಸರ್ಫೇಸ್ ಟೆನ್ಷನ್, ಅಂದ್ರೆ ನೀರು ತನ್ನನ್ನ ತಾನೇ ಒಳಕ್ಕೆ ಎಳ್ಕೊಳ್ಳೋ ಬಲ, 72ರ ಆಸುಪಾಸು, ಅದಕ್ಕೇ ನೀರು ಇದ್ರ ಮೇಲೆ ಹರಡ್ಕೊಳ್ಳದೆ ಗುಂಡು ಗುಂಡಾಗಿ ನಿಂತ್ಕೊಳ್ಳುತ್ತೆ. ಬಣ್ಣಕ್ಕೂ ಹೆಚ್ಚು ಕಮ್ಮಿ ಅದೇ ಪಾಡು, ಮೇಲೆ ಕೂರುತ್ತೆ, ಹಿಡ್ಕೊಳ್ಳಲ್ಲ. ಇದು ಸಾಲದು ಅಂತ ಪಾಲಿಎಥಿಲೀನ್ ಬಿಸಿಲಿಗೆ ಹಿಗ್ಗೋದು ಸ್ಟೀಲಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ, 3 ಮೀಟರ್ ಉದ್ದದ ಬೋಟು ನೆರಳಿಂದ ಬಿಸಿಲಿಗೆ ಬಂದ್ರೆ ಹೆಚ್ಚು ಕಮ್ಮಿ ಒಂದು ಸೆಂಟಿಮೀಟರ್ ಉದ್ದ ಆಗಿಬಿಡುತ್ತೆ. ಎನಾಮೆಲ್ ಒಣಗಿದ ಮೇಲೆ ಗಡುಸು, ಅಷ್ಟು ಹಿಗ್ಗಲ್ಲ. ಕೆಳಗಿನದು ಎಳೀತದೆ, ಮೇಲಿನದು ಬಿರೀತದೆ.

ಇದನ್ನೆಲ್ಲ ಹೇಳ್ತಿದ್ದಾಗ ಮಾವ ಕೇಳಿದ್ರು, ಎಲೆಕ್ಷನ್‌ನಲ್ಲಿ ಬೆರಳಿಗೆ ಹಚ್ಚೋ ಇಂಕ್ ನಮ್ಮ ಮೈಸೂರಲ್ಲೇ ಆಗೋದಲ್ವಾ, ಅದನ್ನ ಉಜ್ಜಿದ್ರೂ ಹೋಗಲ್ಲ, ಅಂಥದ್ದು ಇದಕ್ಕೆ ಹಚ್ಚೋಕಾಗಲ್ವಾ ಅಂತ. ತುಂಬಾ ಒಳ್ಳೆ ಪ್ರಶ್ನೆ ಅದು. ಮೈಸೂರು ಪೇಂಟ್ಸ್ ಕಾರ್ಖಾನೆ 1937ರದ್ದು, ಆ ಶಾಯಿ 1962ರ ಚುನಾವಣೆಯಿಂದ ಬಳಕೇಲಿದೆ, ಅದರಲ್ಲಿರೋ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆ ಸೇರಿ ಚರ್ಮಾನೇ ಕಪ್ಪಾಗಿಸುತ್ತೆ, ಆ ಚರ್ಮ ಸವೆದು ಹೊಸದು ಬರೋವರ್ಗೂ ಹೋಗಲ್ಲ. ಪಾಲಿಎಥಿಲೀನಲ್ಲಿ ಹಂಗೆ ಸೇರ್ಕೊಳ್ಳೋಕೆ ಏನೂ ಇಲ್ಲ, ಇಂಗಾಲ ಜಲಜನಕ ಬಿಟ್ರೆ. ಆದ್ರೆ ಆ ಪ್ರಶ್ನೆಯಿಂದ್ಲೇ ಅವಳಿಗೆ ದಾರಿ ಹೊಳೀತು, ಒಳ್ಳೆ ಬಣ್ಣ ಹುಡುಕೋಕೆ ಮುಂಚೆ ಪ್ಲಾಸ್ಟಿಕ್ಕಿನ ಮೈನೇ ಸ್ವಲ್ಪ ಬದಲಾಯಿಸೋಕಾಗುತ್ತಾ ನೋಡೋಣ ಅಂತ.

ಗುಜರಿ ಟ್ಯಾಂಕಿನ ಮೇಲೆ ಪರೀಕ್ಷೆ

ಇಡೀ ಪ್ರಕರಣದಲ್ಲಿ ನನಗೆ ಅತೀ ಇಷ್ಟವಾದ ತೀರ್ಮಾನ ಇದು. ಬೋಟಿನ ಮೇಲೆ ಇನ್ನೊಂದು ಪ್ರಯೋಗ ಬೇಡ ಅಂದ್ಲು ಅವಳು. ಮಾವನ್ನ ಗುಜರಿ ಅಂಗಡಿಗೆ ಕಳಿಸಿ ಒಡೆದು ಹೋದ ನೀರಿನ ಟ್ಯಾಂಕಿನ ಒಂದು ದೊಡ್ಡ ಚೂರು ತರಿಸಿದ್ಲು. ಅದೇ ಜಾತಿ ಪ್ಲಾಸ್ಟಿಕ್, ಅದೇ ಥರ ಎರಕ, ಹೋದ್ರೆ ಹೋಯ್ತು. ಯಾರಾದ್ರೂ ಇಂಥ ಕೆಲಸಕ್ಕೆ ಕೈ ಹಾಕೋದಾದ್ರೆ ದಯವಿಟ್ಟು ಮೊದ್ಲು ಇದೊಂದು ಮಾಡಿ.

ಚೂರನ್ನ ಭಾಗ ಮಾಡ್ಕೊಂಡ್ಲು. ಒಂದು ಕಡೆ ಬರೀ ಎಮರಿ ಪೇಪರ್ ಉಜ್ಜಿ ಎನಾಮೆಲ್. ಇನ್ನೊಂದು ಕಡೆ ಕಾರ್ ಬಂಪರ್‌ಗೆ ಬಣ್ಣಕ್ಕೆ ಮುಂಚೆ ತಳಕ್ಕೆ ಹೊಡೆಯೋ ಪ್ಲಾಸ್ಟಿಕ್ ಪ್ರೈಮರ್, ಅದ್ರ ಮೇಲೆ ಎನಾಮೆಲ್. ಮತ್ತೊಂದು ಕಡೆ ಬರೀ ಸ್ಪಿರಿಟಲ್ಲಿ ಒರೆಸಿ ಆಯಿಲ್ ಬೇಸ್ ಪೇಂಟ್ ಮಾರ್ಕರ್, ಅದೇ ಟೈರ್ ಮೇಲೆ ಗುರುತು ಬರೀತಾರಲ್ಲ ಆ ಪೆನ್ನು. ಕೊನೇ ಭಾಗಕ್ಕೆ ಗ್ಯಾಸ್ ಟಾರ್ಚಿನ ನೀಲಿ ಉರಿ ಸರ್ರಂತ ಸವರಿ ಆಮೇಲೆ ಅದೇ ಮಾರ್ಕರ್. ಉರಿ ಯಾಕೆ ಅಂದ್ರೆ, ಆ ಕ್ಷಣದ ಉರಿಗೆ ಪ್ಲಾಸ್ಟಿಕ್ಕಿನ ತೀರಾ ಮೇಲಿನ ಪದರಕ್ಕೆ ಆಮ್ಲಜನಕ ಸೇರ್ಕೊಳ್ಳುತ್ತೆ, ಬಣ್ಣ ಹಿಡಿಯೋಕೆ ಅಲ್ಲೊಂದು ಆಸರೆ ಸಿಗುತ್ತೆ. ಪ್ಯಾಕೇಜಿಂಗ್ ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ ಬಾಟ್ಲಿ ಮೇಲೆ ಪ್ರಿಂಟ್ ಹಾಕೋ ಮುಂಚೆ ಇದನ್ನೇ ಮಾಡ್ತಾರೆ. ಸರಿಯಾಗಿ ಆಗಿದ್ಯಾ ಅಂತ ತಿಳಿಯೋಕೆ ಆರಿದ ಮೇಲೆ ನೀರು ಚಿಮುಕಿಸಿ ನೋಡ್ಬೇಕು, ಹನಿಹನಿ ಗುಂಡಾಗದೆ ನೀರು ಪದರವಾಗಿ ಹರಡ್ಕೊಂಡ್ರೆ ಆಯ್ತು ಅಂತ ಅರ್ಥ. ಉರಿ ಒಂದೇ ಕಡೆ ನಿಲ್ಲಿಸಂಗಿಲ್ಲ, ಈ ಪ್ಲಾಸ್ಟಿಕ್ 130 ಡಿಗ್ರಿ ಆಸುಪಾಸಲ್ಲಿ ಕರಗೋಕೆ ಶುರುವಾಗುತ್ತೆ. ಇನ್ನೊಂದು ಮಾತು, ಇದನ್ನ ದೊಡ್ಡದಾಗಿ ಓದ್ಕೊಳ್ಳಿ: ಸ್ಪಿರಿಟಲ್ಲಿ ಒರೆಸಿದ ಮೇಲೆ ಅದು ಪೂರ್ತಿ ಆರಿ, ಬಾಟ್ಲಿ ಬಟ್ಟೆ ಎಲ್ಲ ದೂರ ಇಟ್ಟು, ಬೋಟಿನ ಮುಚ್ಚಳ ತೆಗೆದು ಒಳಗಿನ ಆವಿ ಹೊರಗೆ ಹೋದ ಮೇಲೇ ಟಾರ್ಚ್ ಹಚ್ಬೇಕು, ಅದೂ ಬಯಲಲ್ಲಿ. ಮಾರ್ಕರ್ ವಾಸನೇನೂ ಒಳ್ಳೇದಲ್ಲ, ಅವಳು ಮಾಸ್ಕ್ ಹಾಕ್ಕೊಂಡೇ ಬರೆದಿದ್ದು.

ಒಣಗಿದ ಮೇಲೆ ಬ್ಲೇಡಲ್ಲಿ ಚೌಕ ಚೌಕವಾಗಿ ಗೀರಿ, ಟೇಪ್ ಒತ್ತಿ ಅಂಟಿಸಿ, ಒಂದೇ ಸಲ ಕಿತ್ರು. ಬರೀ ಎನಾಮೆಲ್ ಟೇಪಿನ ಜೊತೇಲೇ ಬಂತು. ಬಂಪರ್ ಪ್ರೈಮರ್ ಹಾಕಿದ್ದು ಮೊದ್ಲು ನಿಂತ್ಕೊಳ್ತು, ಆದ್ರೆ ಚೂರನ್ನ ಬಕೆಟ್ ನೀರಲ್ಲಿ ನೆನೆಸಿಟ್ಟು ಬಗ್ಗಿಸಿದಾಗ ಅಂಚು ಎದ್ದಿತು, ಬಂಪರ್‌ಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಜಾತಿಯವು, ಅವಕ್ಕೇ ಅಂತ ಮಾಡಿದ ಪ್ರೈಮರ್ ಅದು. ಬರೀ ಮಾರ್ಕರ್ ಅಲ್ಲಲ್ಲಿ ಹೋಯ್ತು. ಉರಿ ಸವರಿ ಮಾರ್ಕರ್ ಹಾಕಿದ್ದು ಹೆಚ್ಚು ಕಮ್ಮಿ ಪೂರ್ತಿ ಉಳೀತು.

ಇಲ್ಲೇ ಅವಳು ಇನ್ನೊಂದು ಗಮನಿಸಿದ್ಲು, ನನ್ನ ಪ್ರಕಾರ ಇದೇ ನಿಜವಾದ ತಿರುವು. ಅದೇ ಮಾರ್ಕರಲ್ಲಿ ಒಂದು ಕಡೆ ಗೆರೆ ಎಳೆದಿದ್ಲು, ಒಂದು ಕಡೆ ಬಣ್ಣ ತುಂಬಿದ್ಲು. ಚೂರನ್ನ ಬಗ್ಗಿಸಿ ಬಗ್ಗಿಸಿ ನೋಡಿದಾಗ ತುಂಬಿದ ಜಾಗ ಒಂದು ಅಂಚಲ್ಲಿ ಎದ್ರೆ ಪಕ್ಕದ್ದನ್ನೂ ಎಳ್ಕೊಂಡು ಏಳ್ತಿತ್ತು. ಗೆರೆ ಹಂಗಲ್ಲ, ಒಂದು ಗೆರೆ ಸವೆದ್ರೆ ಆ ಗೆರೆ ಮಾತ್ರ, ಪಕ್ಕದ ಗೆರೆ ತನ್ನಷ್ಟಕ್ಕೆ ತಾನು ಇರುತ್ತೆ. "ಸರ್, ಹಂಗಾದ್ರೆ ಬಣ್ಣ ತುಂಬೋದೇ ಬೇಡ, ಗೆರೇಲೇ ಬರೀತೀನಿ" ಅಂದ್ಲು. ಮಾವಂಗೆ ಇದು ಅಷ್ಟಾಗಿ ಹಿಡಿಸ್ಲಿಲ್ಲ, ಅವರಿಗೆ ಲಾರಿ ಮೇಲಿನಂಗೆ ತುಂಬು ಬಣ್ಣ ಬೇಕಿತ್ತು.

ಕೆರೆ ತಾತ ಹೇಳಿದ್ದು

ಮಾವನ್ನ ಒಪ್ಪಿಸಿದ್ದು ಅವಳೂ ಅಲ್ಲ, ನಾನೂ ಅಲ್ಲ. ಗುತ್ತಿಗೆದಾರರ ಕಡೆಯಿಂದ ಕೆರೇಲಿ ಬಲೆ ಬಿಡೋ ವಯಸ್ಸಾದವರೊಬ್ರು ಇದಾರೆ, ತೆಪ್ಪದಲ್ಲೇ ಜೀವನ ಕಳೆದೋರು. ಬಿದಿರು ಹೆಣೆದು ಅಡಿಗೆ ಹೊದಿಕೆ ಕಟ್ಟಿ ಟಾರು ಬಳಿಯೋ ನಮ್ಮ ಕಾವೇರಿ ಸೀಮೆಯ ಗುಂಡು ತೆಪ್ಪ, ಹಿಂದೆ ಚರ್ಮ ಹೊದಿಸೋರು, ಈಗ ಪ್ಲಾಸ್ಟಿಕ್ ಚೀಲ, ಟಾರ್ಪಾಲು. ಅವರು ಬಂದು ಬೋಟು ಸವರಿ ನೋಡಿ, ಇವರ ವಾದ ಎಲ್ಲ ಕೇಳಿ, "ಟಾರು ಯಾವತ್ತು ಸಾಶ್ವತ ಆಗಿತ್ತು ಬುಡಿ? ಸವೆದ ಕಡೆ ಮತ್ತೆ ಬಳೀತೀವಿ, ಅಷ್ಟೇಯ. ನೀರಿಗಿಳಿಯೋ ವಸ್ತು ಸವೀತದೆ" ಅಂದ್ರು.

ಆಮೇಲೆ ಚರ್ಚೆ ಪೂರ್ತಿ ಬೇರೆ ದಿಕ್ಕಿಗೆ ಹೋಯ್ತು. ಅಲ್ಲೀವರ್ಗೂ ಎಲ್ಲರ ತಲೇಲಿ ಇದ್ದಿದ್ದು ಹೋಗದೇ ಇರೋ ಬಣ್ಣ ಯಾವುದು ಅಂತ. ಆಮೇಲೆ ಕೇಳೋಕೆ ಶುರು ಮಾಡಿದ್ದು, ಹೋದ್ರೆ ಹತ್ತು ನಿಮಿಷದಲ್ಲಿ ಮತ್ತೆ ಬರೆಯೋಕಾಗೋ ಚಿತ್ರ ಯಾವುದು ಅಂತ. ಇದ್ರಿಂದ್ಲೇ ಮೇಲೆ ಕ್ಲಿಯರ್ ಕೋಟ್, ಅಂದ್ರೆ ಚಿತ್ರ ಕಾಪಾಡೋಕೆ ಹೊಡೆಯೋ ಬಣ್ಣವಿಲ್ಲದ ಪದರ, ಅದೂ ಬೇಡ ಅಂತಾಯ್ತು. ಚೂರಿನ ಮೇಲೆ ಹೊಡೆದು ನೋಡಿದ್ವಿ, ಸ್ಪ್ರೇಯಲ್ಲಿರೋ ಥಿನ್ನರಿಗೆ ಮಾರ್ಕರ್ ಗೆರೆ ಕದಡಿ ಹರಡ್ಕೊಂಡಿತ್ತು. ಹರಡದೇ ಇದ್ರೂ ಆ ಕೋಟ್ ಎದ್ದಾಗ ಚಿತ್ರಾನೂ ಎತ್ಕೊಂಡೇ ಏಳ್ತಿತ್ತು, ಅದ್ರ ಮೇಲೆ ತಿದ್ದಿ ಬರೆಯೋಕೂ ಆಗ್ತಿರ್ಲಿಲ್ಲ. ಬಣ್ಣ ಮುಖ್ಯವಾಗಿ ಕಪ್ಪು ಒಂದೇ, ಯಾಕಂದ್ರೆ ಇಂಗಾಲದ ಕಪ್ಪು ಬಿಸಿಲಿಗೆ ಮಾಸೋದು ತೀರಾ ಕಮ್ಮಿ, ಕೆಂಪು ಬಣ್ಣಗಳಲ್ಲಿ ಬಹಳಷ್ಟು ಬೇಗ ತೆಳುವಾಗ್ತವೆ. ಬೋಟಿನ ತಿಳಿ ಹಳದಿ ಎದ್ದು ಕಾಣಂಗೇ ಬಿಟ್ಟಿದ್ದೂ ಸರಿಯಾದ ತೀರ್ಮಾನ, ದೂರದಿಂದ ಬೋಟು ಕಾಣ್ಬೇಕು, ಇಡೀ ಮೈಗೆ ಗಾಢ ಬಣ್ಣ ಹಚ್ಚಿದ್ರೆ ಬಿಸಿಲಿಗೆ ಇನ್ನೂ ಕಾದು ಪ್ಲಾಸ್ಟಿಕ್ ಮೆತ್ತಗಾಗಿ ತಳ ಒಳಕ್ಕೆ ಕುಗ್ಗೋ ಸಾಧ್ಯತೇನೂ ಇರುತ್ತೆ.

ಏನು ಬರೀಬೇಕು ಅನ್ನೋ ಜಗಳ

ಮಾರ್ಲಿನ್ ಹೋದ ಮೇಲೆ ಮಾವ ಮತ್ಸ್ಯಾವತಾರ ಬರೀ ಅಂದ್ರು. ಇದಕ್ಕೆ ಅಜ್ಜಿ ಸುತರಾಂ ಒಪ್ಪಲಿಲ್ಲ. "ದೇವ್ರ ಮೇಲೆ ಕುಂಡಿ ಊರಿ ಕೂತ್ಕಂಡು ಮೀನು ಹಿಡೀತೀಯೇನ್ಲಾ" ಅಂತ ಮಗನ್ನ ಬೈದ್ರು. ಅವರು ಹೇಳಿದ್ದು ನಿಜ, ಈ ಥರ ಬೋಟಲ್ಲಿ ಹತ್ತುವಾಗ ಇಳಿಯುವಾಗ ಕಾಲು ತಗಲದ ಜಾಗಾನೇ ಇಲ್ಲ, ಹೊರಮೈ ಮೇಲೆ ಬರೆದ್ರೂ ದಡಕ್ಕೆ ಬಂದಾಗ ಕೆಸರಲ್ಲೇ ಇರುತ್ತೆ.

ಆಗ ಅವಳು ಗಂಜೀಫಾ ತಂದ್ಲು. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಲ್ಲಿ ಬೆಳೆದ ಕಲೆ, ದುಂಡಗಿನ ಆಟದ ಎಲೆಗಳು, ಪ್ರತಿಯೊಂದೂ ಕೈಲಿ ಬರೆದದ್ದು. ದಶಾವತಾರ ಗಂಜೀಫಾದಲ್ಲಿ ಒಂದೊಂದು ಅವತಾರಕ್ಕೆ ಒಂದರಂತೆ 10 ಬಣ (ಎಲೆಗಳ ಗುಂಪು), ಒಂದೊಂದಕ್ಕೆ 12 ಎಲೆ, ಒಟ್ಟು 120. ಮತ್ಸ್ಯ ಬಣದಲ್ಲಿ ರಾಜ ಮಂತ್ರಿ ಎಲೆ ಬಿಟ್ರೆ ಉಳಿದ ಎಲೆಗಳಲ್ಲಿ ದೇವರ ಮೂರ್ತಿ ಇರಲ್ಲ, ಬರೀ ಮೀನು, ಒಂದರ ಎಲೇಲಿ ಒಂದು, ಹತ್ತರ ಎಲೇಲಿ ಹತ್ತು. ಅಜ್ಜಿಗೆ ಇದನ್ನ ತೋರಿಸಿದಾಗ "ಮೀನು ಮೀನೇ ತಾನೆ, ಬರೀ" ಅಂದ್ರು. ಮಾವಂಗೂ ಸಮಾಧಾನ ಆಯ್ತು, ಮತ್ಸ್ಯ ಬಂತಲ್ಲ ಅಂತ. ಅವಳಿಗೆ ಇದ್ರಲ್ಲಿ ಬೇಕಿದ್ದು ಇನ್ನೊಂದು, ಗಂಜೀಫಾದವ್ರು ಇಷ್ಟೇ ಇಷ್ಟು ಜಾಗದಲ್ಲಿ ಒಂದೇ ಆಕಾರ ಮತ್ತೆ ಮತ್ತೆ ಬರೆದು ಚಂದ ಮಾಡ್ತಾರೆ, ಹಂಗೆ ಸಣ್ಣ ಸಣ್ಣ ಮೀನು ಸಾಲಾಗಿ ಬರೆದ್ರೆ ಒಂದು ಅಳಿಸಿ ಹೋದ್ರೆ ಆ ಒಂದನ್ನ ಮಾತ್ರ ಬರೆದ್ರಾಯ್ತು, ಇಡೀ ಚಿತ್ರ ಕೆಡಲ್ಲ.

ಯಾವ ಮೀನು ಅನ್ನೋದನ್ನ ಕೆರೇನೇ ತೀರ್ಮಾನ ಮಾಡ್ತು. ಬದಿಗಳ ಉದ್ದಕ್ಕೂ ಜಿಲೇಬಿ ಮೀನು ಮತ್ತೆ ಗೆಂಡೆ ಮೀನಿನ ಸಾಲು. ಮೂತಿ ಹತ್ರ ಎರಡೂ ಕಡೆ ಒಂದೊಂದು ದೊಡ್ಡ ಕೊರವ, ಬಾಯಿ ಮೇಲಕ್ಕೆ, ಯಾಕಂದ್ರೆ ಕೊರವ ಉಸಿರಾಡೋಕೆ ನೀರಿನ ಮೇಲಕ್ಕೇ ಬರ್ಬೇಕು. ಅದ್ರ ಕೆಳಗೆ ಕೆಂಪು ಚುಕ್ಕಿಗಳ ಗುಂಪು, ಅವು ಮರಿಗಳು. ಕೊರವ ತನ್ನ ಮರಿಗಳನ್ನ ಕಾಯೋ ಮೀನು, ಕೆಂಪು ಕೆಂಪು ಮರಿಗಳು ಗುಂಪಾಗಿ ಮೇಲೆ ಬಂದ್ರೆ ಕೆಳಗೆ ದೊಡ್ಡದು ಇದ್ದೇ ಇರುತ್ತೆ. ಆ ಹೊತ್ತಲ್ಲಿ ಅಲ್ಲಿಗೆ ಗಾಳ ಎಸೆದ್ರೆ ಸಿಟ್ಟಿಗೆ ಕಚ್ಚುತ್ತೆ, ಸುಲಭವಾಗಿ ಸಿಗುತ್ತೆ, ಆದ್ರೆ ಕಾಯೋರಿಲ್ಲದ ಮರಿಗಳನ್ನ ಬೇರೆ ಮೀನು ತಿಂದು ಹಾಕ್ತವೆ. ಅವಳು ಅದನ್ನ ಬರೆದಿದ್ದು ಮಾವ ಕೂತಾಗ ಕಣ್ಣಿಗೆ ಬೀಳೋ ಜಾಗದಲ್ಲೇ ಅನ್ನೋದು ನನಗೆ ತುಂಬಾ ಹಿಡಿಸಿದ ವಿಷಯ. ಮಾವ ಈಗ ಮರಿ ಗುಂಪು ಕಂಡ ಕಡೆ ಗಾಳ ಎಸೆಯಲ್ಲ, ಇದು ಅವರೇ ಹೇಳಿದ್ದು.

ತಳಕ್ಕೆ ಏನೂ ಬರೀಲಿಲ್ಲ. ಕಲ್ಲು ಮರಳಿನ ಮೇಲೆ ಎಳೆಯೋ ಜಾಗ ಅದು, ಬರೆದಷ್ಟೂ ದಂಡ.

ಏನಾಯ್ತು

ಹಳೇ ಎನಾಮೆಲ್ ಪೂರ್ತಿ ಕೆರೆದು ತೆಗೆದು, ಸೋಪಲ್ಲಿ ತೊಳೆದು, ಸ್ಪಿರಿಟಲ್ಲಿ ಒರೆಸಿ, ಆರಿಸಿ, ಉರಿ ಸವರಿ, ಅದೇ ದಿನ ಗೆರೆ ಎಳೆಯೋಕೆ ಶುರು ಮಾಡಿದ್ಲು. ಉರಿಯ ಪರಿಣಾಮ ದಿನ ಹೋದಂಗೆ ಕಮ್ಮಿ ಆಗುತ್ತೆ, ಅದಕ್ಕೆ ಅವತ್ತು ಎಷ್ಟು ಬರೀಬೋದೋ ಅಷ್ಟೇ ಭಾಗಕ್ಕೆ ಉರಿ ಹಿಡಿಯೋದು. ಸೋಪಲ್ಲಿ ತೊಳೆಯೋದನ್ನ ಸಣ್ಣದು ಅನ್ಕೋಬೇಡಿ, ಹಿಂದಿನ ಯಜಮಾನ್ರು ಹೊಳಪಿಗೆ ಅಂತ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ತಿದ್ರಂತೆ, ಅದ್ರಲ್ಲಿ ಸಿಲಿಕೋನ್ ಇದ್ರೆ ಯಾವ ಬಣ್ಣಾನೂ ಹತ್ತಲ್ಲ.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಕೂತು ನೋಡಿದ್ವಿ. ನೀರು ತಗಲೋ ಕಡೆ ಗೆರೆ ಚೆನ್ನಾಗೇ ಉಳಿದಿತ್ತು, ನಾವೆಲ್ಲ ಹೆದರಿದ್ದು ಅಲ್ಲಿಗೇ. ಹುಟ್ಟು ತಗಲೋ ಕಡೆ ಸ್ವಲ್ಪ ಸವೆದಿತ್ತು, ಅದು ಗೊತ್ತಿದ್ದಿದ್ದೇ. ಪೂರ್ತಿ ಅಳಿಸಿ ಹೋಗಿದ್ದು ಮಾತ್ರ ಬೋಟಿನ ನಡು ಭಾಗದಲ್ಲಿ ಎರಡೂ ಬದಿ ಒಂದೊಂದು ಅಡ್ಡ ಪಟ್ಟಿ, ಅದು ಲಗೇಜ್ ಆಟೋ ಮೇಲೆ ಹಗ್ಗ ಬಿಗಿಯೋ ಜಾಗ! ಊರಿಂದ ಕೆರೆಗೆ ಮಣ್ಣು ರಸ್ತೆ, ಹಗ್ಗದಲ್ಲಿ ಧೂಳು ಕೂತು ಆಟೋ ಅಲುಗಿದಾಗೆಲ್ಲ ಉಜ್ಜಿ ಉಜ್ಜಿ ಮೀನುಗಳನ್ನ ತಿಂದು ಹಾಕಿತ್ತು. ಕೆರೆ ಏನೂ ಮಾಡಿರ್ಲಿಲ್ಲ, ರಸ್ತೆ ಮಾಡಿತ್ತು.

ಮಾವ ಹಗ್ಗದ ಬದಲು ಅಗಲದ ಬೆಲ್ಟ್ ತಂದ್ರು, ಅದ್ರ ಕೆಳಗೆ ಹಳೇ ಕಂಬಳಿ ಮಡಿಸಿ ಹಾಕ್ತಾರೆ. ಅವಳು ಆ ಎರಡು ಪಟ್ಟಿ ಜಾಗದಲ್ಲಿ ಮೀನು ಮತ್ತೆ ಬರೀಲಿಲ್ಲ, ಅಲ್ಲಿ ಬರೀ ಉದ್ದುದ್ದ ನೀರಿನ ಅಲೆ ಗೆರೆ ಎಳೆದ್ಲು, ಅದನ್ನ ಮಾವ ತಾವೇ ತಿದ್ದಬಲ್ಲರು. ಗಾಳ ಕೊಕ್ಕೆ ಇಡೋ ಡಬ್ಬೀಲಿ ಈಗ ಒಂದು ಕಪ್ಪು ಮಾರ್ಕರ್, ಒಂದು ಸಣ್ಣ ಸ್ಪಿರಿಟ್ ಬಾಟ್ಲಿ ಇರುತ್ತೆ. ಸಣ್ಣ ತಿದ್ದುಪಡಿಗೆ ಉರಿ ಹಿಡಿಯಲ್ಲ, ಒರೆಸಿ, ಆರಿಸಿ, ಎಳೆದು, ಮಾರನೇ ದಿನದವರ್ಗೂ ನೀರಿಗೆ ಇಳಿಸಲ್ಲ. ಅವರು ಎಳೆದ ಅಲೆ ಅವಳದ್ದಕ್ಕಿಂತ ಸ್ವಲ್ಪ ದಪ್ಪ, ಸ್ವಲ್ಪ ಸೊಟ್ಟ, ಆದ್ರೆ ಬೋಟಿನ ಮೇಲೆ ಅವರ ಕೈಯೂ ಇದೆ ಅಂತ ಬಂದೋರಿಗೆಲ್ಲ ತೋರಿಸ್ತಾರೆ. ತುಂಬು ಬಣ್ಣದ ಆಸೆ ಅವರಿಗೆ ಇನ್ನೂ ಪೂರ್ತಿ ಹೋಗಿಲ್ಲ, ಅದನ್ನೂ ಹೇಳ್ಬೇಕು. ಬೋಟಿಗಲ್ದಿದ್ರೆ ಬೇಡ, ಟ್ರೈಲರಿಗೆ ಬರೆಸ್ತೀನಿ ಅಂತ ಅದೇ ಬೋರ್ಡ್ ಬರೆಯೋರ ಕೈಲಿ ಹಿಂದಿನ ತಗಡಿಗೆ ನೀಲಿ ಬೆಳ್ಳಿ ಮಾರ್ಲಿನ್ ಬರೆಸಿದಾರೆ, ಅಲ್ಲಿ ಅದು ಗಟ್ಟಿಯಾಗಿ ನಿಂತಿದೆ.

ಇದನ್ನ ನೋಡಿ ಮೈಸೂರಿಂದ ಇನ್ನೊಬ್ರು ತಮ್ಮ ಕಯಾಕ್‌ಗೂ ಬರೆದುಕೊಡು ಅಂತ ಅವಳನ್ನ ಕೇಳಿದಾರೆ. ಅವರದ್ದು ಫೈಬರ್ ಬೋಟು, ಅದಕ್ಕೆ ಉರಿ ಬೇಡ, ಸಣ್ಣ ಎಮರಿ ಉಜ್ಜಿದ್ರೆ ಒಳ್ಳೆ ಪೇಂಟೇ ಹಿಡಿಯುತ್ತೆ, ಬಣ್ಣ ತುಂಬ್ಬೋದು. ಆದ್ರೂ ಅವಳು ಏನು ಚಿತ್ರ ಬೇಕು ಅಂತ ಕೇಳೋಕೆ ಮುಂಚೆ ಕೇಳಿದ್ದು, ಬೋಟನ್ನ ನೀರಿನ ತನಕ ಹೆಂಗೆ ತರ್ತೀರ ಅಂತ. ಅವರು ಹಿಂಭಾಗಕ್ಕೆ ಚಕ್ರದ ಗಾಡಿ ಕಟ್ಟಿ ಕೈಲೇ ಎಳ್ಕೊಂಡು ಹೋಗ್ತಾರಂತೆ, ಹಂಗಾಗಿ ಗಾಡಿ ಕಟ್ಟೋ ಹಿಂದಿನ ಮೂರಡಿ ಖಾಲಿ ಬಿಟ್ಟು ಮುಂದಿನ ಭಾಗಕ್ಕೆ ಮಾತ್ರ ಸ್ಕೆಚ್ ಹಾಕ್ತಿದಾಳೆ.